ಸಾಲ ಮಾಡಿ ಲಂಡನ್‌ನಲ್ಲಿ ಒಂದು ವರ್ಷದ ಬಿಸಿನೆಸ್ ಮಾಸ್ಟರ್ಸ್: ಹೋಗಲಾ, ಬಿಡಲಾ?

ಕಲ್ಲುಸಕ್ಕರೆ
ಎಲ್ಲರಿಗೂ ನಮಸ್ಕಾರ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ನಾಲ್ಕೈದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮ್ಯಾನೇಜ್‌ಮೆಂಟ್ ಕಡೆ ಹೋಗಬೇಕೆಂದು ಆಸೆ. ಲಂಡನ್‌ನಲ್ಲಿ ಎರಡು ಕಡೆ ಸೀಟು ಸಿಕ್ಕಿದೆ. ಎರಡೂ ಎಂಎಸ್ಸಿ ಮ್ಯಾನೇಜ್‌ಮೆಂಟ್, ಒಂದು ವರ್ಷದ್ದು, 2026ರ ಸೆಪ್ಟೆಂಬರ್‌ನಲ್ಲಿ ಶುರು. ಒಂದು ಹೆಸರಿರುವ ಕಾಲೇಜು, ಫೀಸು ಜಾಸ್ತಿ. ಇನ್ನೊಂದು ಬೇರೆ ಊರಿನ ವಿಶ್ವವಿದ್ಯಾಲಯದ ಲಂಡನ್ ಕ್ಯಾಂಪಸ್. ಅಲ್ಲಿ ಫೀಸು ಹೆಚ್ಚುಕಮ್ಮಿ ಅರ್ಧ, ಸ್ಕಾಲರ್‌ಶಿಪ್ ಅಂತ ಇನ್ನೂ ಸ್ವಲ್ಪ ಬಿಟ್ಟಿದ್ದಾರೆ.

ನನ್ನ ಲೆಕ್ಕ ಇಷ್ಟೇ. ಒಂದು ವರ್ಷ ಓದು, ಆಮೇಲೆ ಎರಡು ವರ್ಷ ಕೆಲಸದ ವೀಸಾ, ಅಷ್ಟರಲ್ಲಿ ಸಾಲ ತೀರಿಸುವುದು. ಮನೆಯಲ್ಲಿ ಒಪ್ಪಿದ್ದಾರೆ. ನನಗೇ ಧೈರ್ಯ ಸಾಲುತ್ತಿಲ್ಲ. ಅಲ್ಲಿ ಓದಿದವರು, ಈಗ ಇರುವವರು ನೇರವಾಗಿ ಹೇಳಿ.

ಜೋನ್_ನಾಲ್ಕು
ಎರಡು ವರ್ಷ ಅಲ್ಲ. 2027ರ ಜನವರಿ 1ರಿಂದ ಆ ಕೆಲಸದ ವೀಸಾಗೆ, ಅಂದರೆ ಗ್ರಾಜುಯೇಟ್ ರೂಟ್‌ಗೆ ಅರ್ಜಿ ಹಾಕುವವರಿಗೆ ಸಿಗುವುದು 18 ತಿಂಗಳು. ನಿಮ್ಮ ಕೋರ್ಸ್ ಮುಗಿಯುವುದೇ 2027ರ ಸೆಪ್ಟೆಂಬರ್ ಹೊತ್ತಿಗೆ. ಪಿಎಚ್‌ಡಿಯವರಿಗೆ ಮಾತ್ರ ಮೂರು ವರ್ಷ ಹಾಗೇ ಉಳಿದಿದೆ. ಮೊದಲು ಈ ಲೆಕ್ಕ ಸರಿ ಮಾಡಿಕೊಳ್ಳಿ, ಮಿಕ್ಕಿದ್ದು ಆಮೇಲೆ.

ಬಾಲಂಗೋಚಿ
ಹಾಸಿಗೆ ಇದ್ದಷ್ಟು ಕಾಲು ಚಾಚು.

ಸುಮ್ನೆ_ಓದುಗ
ಗಾದೆ ಹೇಳೋಕೆ ಲಾಗಿನ್ ಆದ್ರಾ ಬಾಲಂಗೋಚಿ? :) ಕಾಲು ಚಾಚಬೇಕಾ ಬೇಡವಾ ಅಂತಲೇ ಅವರು ಕೇಳ್ತಿರೋದು.

ಲೆಕ್ಕದವಳು
ನಾನು ಲಂಡನ್‌ನಲ್ಲೇ ಓದಿ, ಈಗ ಅಲ್ಲೇ ಕೆಲಸದಲ್ಲಿದ್ದೇನೆ. ಬರುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ.

ಒಂದು ವರ್ಷದ ಕೋರ್ಸ್‌ನಲ್ಲಿ ಓದು ಮುಗಿಸಿ ಕೆಲಸ ಹುಡುಕುವುದು ಅಂತ ಇಲ್ಲ. ದೊಡ್ಡ ಬ್ಯಾಂಕು, ಕನ್ಸಲ್ಟಿಂಗ್ ಕಂಪನಿಗಳ ಗ್ರಾಜುಯೇಟ್ ಸ್ಕೀಮ್‌ಗಳಿಗೆ, ಅಂದರೆ ಹೊಸ ಪದವೀಧರರ ನೇಮಕಕ್ಕೆ, ಅರ್ಜಿ ತೆರೆಯುವುದೇ ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಬಹಳಷ್ಟು ನವೆಂಬರ್, ಡಿಸೆಂಬರ್ ಹೊತ್ತಿಗೆ ಮುಚ್ಚುತ್ತವೆ. ಕೆಲವು ಕೊನೇ ದಿನಾಂಕದ ತನಕವೂ ಕಾಯುವುದಿಲ್ಲ, ಸೀಟು ತುಂಬಿದ ಕೂಡಲೇ ಬಾಗಿಲು ಹಾಕುತ್ತವೆ. ಆ ಕೆಲಸ ಶುರುವಾಗುವುದು ಮುಂದಿನ ವರ್ಷ. ಅಂದರೆ ನೀವು ಬಂದಿಳಿದ ವಾರವೇ ಆ ಓಟ ಅರ್ಧ ಆಗಿರುತ್ತದೆ. ನಿಮಗಿನ್ನೂ ಬ್ಯಾಂಕ್ ಖಾತೆ ಆಗಿರುವುದಿಲ್ಲ, ಮನೆ ಸಿಕ್ಕಿರುವುದಿಲ್ಲ, ಮೊದಲ ಅಸೈನ್‌ಮೆಂಟ್ ಬಂದು ಕೂತಿರುತ್ತದೆ. ಅದರ ನಡುವೆ ಆನ್‌ಲೈನ್‌ನಲ್ಲಿ ಲೆಕ್ಕದ ಪರೀಕ್ಷೆ. ಆಮೇಲೆ ರೆಕಾರ್ಡ್ ಮಾಡಿದ ವಿಡಿಯೋ ಸಂದರ್ಶನ. ಪರದೆ ಮೇಲೆ ಪ್ರಶ್ನೆ ಬರುತ್ತದೆ, ಯೋಚಿಸಲು ಅರ್ಧ ನಿಮಿಷ, ಆಮೇಲೆ ಕೆಂಪು ಚುಕ್ಕೆ ಹತ್ತಿಕೊಳ್ಳುತ್ತದೆ. ಎದುರಿಗೆ ಮನುಷ್ಯರಿಲ್ಲ, ನಿಮ್ಮದೇ ಮುಖ ನೋಡುತ್ತಾ ಮಾತಾಡಬೇಕು. ಅದನ್ನು ದಾಟಿದರೆ ಅಸೆಸ್‌ಮೆಂಟ್ ಸೆಂಟರ್, ಅಂದರೆ ಗುಂಪು ಚಟುವಟಿಕೆ, ಸಂದರ್ಶನಗಳ ಸುತ್ತು.

ನಮ್ಮ ಬ್ಯಾಚ್‌ನಲ್ಲಿ "ಮೊದಲ ಟರ್ಮ್ ಓದಿನ ಕಡೆ ಗಮನ ಕೊಡೋಣ, ಜನವರಿಯಿಂದ ಹುಡುಕೋಣ" ಎಂದವರೇ ಜಾಸ್ತಿ. ಜನವರಿಗೆ ನೋಡಿದರೆ ದೊಡ್ಡ ಬಾಗಿಲುಗಳೆಲ್ಲ ಮುಚ್ಚಿದ್ದವು. ಆಮೇಲೆ ಸಿಗುವುದು ಸಣ್ಣ ಕಂಪನಿಗಳು, ಬಿಡಿ ಹುದ್ದೆಗಳು. ಅವು ಕೆಟ್ಟವು ಅಂತಲ್ಲ. ಆದರೆ ವೀಸಾ ಸ್ಪಾನ್ಸರ್ ಮಾಡುವ ವಿಷಯ ಬಂದಾಗ ಅವರಲ್ಲಿ ಅರ್ಧ ಜನ ಹಿಂದೆ ಸರಿಯುತ್ತಾರೆ.

ಹಾಗಾಗಿ ಹೋಗುವುದೇ ಆದರೆ ಜೂನ್‌ನಲ್ಲೇ ಸಿವಿ ಸಿದ್ಧ ಮಾಡಿ. ಆಗಸ್ಟ್‌ನಲ್ಲಿ ನೀವಿರುವ ಕಡೆಯಿಂದಲೇ ಅರ್ಜಿ ಹಾಕಿ. ಕಾಲೇಜಿನ ಕರಿಯರ್ಸ್ ವಿಭಾಗದ ಲಾಗಿನ್ ಸೀಟು ಖಚಿತವಾದ ಕೂಡಲೇ ಕೊಡುತ್ತಾರಾ, ಬಂದ ಮೇಲಾ? ಇದನ್ನು ಎರಡೂ ಕಡೆ ಕೇಳಿ. ಆ ಉತ್ತರದಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ.

ಕಲ್ಲುಸಕ್ಕರೆ
ಥ್ಯಾಂಕ್ಸ್ ಮೇಡಂ, ಇದನ್ನು ಯಾವ ಏಜೆಂಟೂ ಹೇಳಿರಲಿಲ್ಲ. ಸ್ಪಾನ್ಸರ್ ಮಾಡಲು ಸಂಬಳ ಎಷ್ಟಿರಬೇಕು?

ಜೋನ್_ನಾಲ್ಕು
ಕಂಪನಿ ಸ್ಪಾನ್ಸರ್ ಮಾಡುವ ಸ್ಕಿಲ್ಡ್ ವರ್ಕರ್ ವೀಸಾಗೆ 2025ರ ಜುಲೈ 22ರಿಂದ ವರ್ಷಕ್ಕೆ 41,700 ಪೌಂಡ್, ಅಥವಾ ಆ ಹುದ್ದೆಗೆ ಸರ್ಕಾರ ಗೊತ್ತು ಮಾಡಿರುವ ದರ. ಎರಡರಲ್ಲಿ ಯಾವುದು ಹೆಚ್ಚೋ ಅದು. ವಿದ್ಯಾರ್ಥಿ ವೀಸಾ ಅಥವಾ ಗ್ರಾಜುಯೇಟ್ ವೀಸಾದಿಂದ ಬದಲಾಯಿಸುವವರನ್ನು ಹೊಸಬರು ಎಂದು ಲೆಕ್ಕ ಹಾಕುತ್ತಾರೆ. ಅವರಿಗೆ 33,400 ಪೌಂಡ್, ಅಥವಾ ಹುದ್ದೆಯ ದರದ ಶೇ 70. ಆದರೆ ಈ ರಿಯಾಯಿತಿ ಒಟ್ಟು 4 ವರ್ಷ ಮಾತ್ರ. ಗ್ರಾಜುಯೇಟ್ ವೀಸಾದಲ್ಲಿ ಕಳೆದ ಕಾಲವೂ ಅದರಲ್ಲೇ ಸೇರುತ್ತದೆ. ಸುಮ್ನೆ 18 ತಿಂಗಳು ಅಲ್ಲಿ ಇಲ್ಲಿ ಕೆಲಸ ಮಾಡಿ ಕಳೆದರೆ ರಿಯಾಯಿತಿಯೂ ಕರಗುತ್ತಾ ಹೋಗುತ್ತದೆ.

ಕಂಪನಿಗೆ ಸ್ಪಾನ್ಸರ್ ಲೈಸೆನ್ಸ್ ಕೂಡ ಇರಬೇಕು. ಲೈಸೆನ್ಸ್ ಇರುವವರ ಪಟ್ಟಿ ಸರ್ಕಾರದ ವೆಬ್‌ಸೈಟ್‌ನಲ್ಲೇ ಇದೆ, ಡೌನ್‌ಲೋಡ್ ಮಾಡಿಕೊಳ್ಳಿ. ಅರ್ಜಿ ಹಾಕುವ ಮೊದಲು ಹೆಸರು ಹುಡುಕಿ ನೋಡುವುದು ರೂಢಿಯಾಗಲಿ.

ದೂರದೃಷ್ಟಿ
ಎಲ್ಲರೂ ಯಾಕೆ ಹೀಗೆ ಹೆದರಿಸ್ತೀರಾ? ನಮ್ಮ ಪರಿಚಯದ ಹುಡುಗ ಹೋಗಿ ಆರು ತಿಂಗಳಲ್ಲೇ ಒಳ್ಳೇ ಕೆಲಸ ಹಿಡಿದ. ರಾಂಕಿಂಗ್‌ನಲ್ಲಿ ಮೇಲಿರುವ ಕಾಲೇಜು ಹಿಡಿದರೆ ಸಂಬಳ ತಾನಾಗಿ ಬರುತ್ತೆ. ಫೈನಾನ್ಶಿಯಲ್ ಟೈಮ್ಸ್ ಪಟ್ಟಿ ನೋಡಿ, ಡಾಲರ್‌ನಲ್ಲೇ ಬರೆದಿದ್ದಾರೆ.

ಹಳೇ_ಎಂಬಿಎ
ದೂರದೃಷ್ಟಿಯವರೇ, ಆ ಡಾಲರ್ ಅಂಕಿ ಯಾರ ಕೈಗೂ ಬಂದ ಸಂಬಳ ಅಲ್ಲ. ಬೇರೆ ಬೇರೆ ದೇಶದ ಸಂಬಳವನ್ನು ಅಲ್ಲಲ್ಲಿಯ ಬೆಲೆಗಳಿಗೆ ಹೊಂದಿಸಿ ಡಾಲರ್ ಮಾಡುತ್ತಾರೆ. ಪಿಪಿಪಿ ಅಂತಾರಲ್ಲ, ಅದೇ. ಜೀವನ ಅಗ್ಗ ಇರುವ ದೇಶದಲ್ಲಿ ದುಡಿಯುವ ಹಳೇ ವಿದ್ಯಾರ್ಥಿಯ ಸಂಬಳ ಈ ಲೆಕ್ಕದಲ್ಲಿ ಊದಿಕೊಳ್ಳುತ್ತದೆ. ಅದೂ ಅಲ್ಲದೆ ಎಂಬಿಎ ಪಟ್ಟಿಗೆ ಅವರು ಕೇಳುವುದು ಓದು ಮುಗಿಸಿ ಮೂರು ವರ್ಷ ಆದವರನ್ನು. ಮೊದಲ ಕೆಲಸದ ಸಂಬಳ ಅಂದುಕೊಂಡು ಸಾಲದ ಕಂತು ಲೆಕ್ಕ ಹಾಕಿದರೆ ಕೆಟ್ಟಂತೆ.

ರಾಂಕಿಂಗ್‌ಗಿಂತ ಕಾಲೇಜಿನ ಎಂಪ್ಲಾಯ್‌ಮೆಂಟ್ ರಿಪೋರ್ಟ್ ಓದಿ. ಅದನ್ನೂ ಕಣ್ಣು ಮುಚ್ಚಿ ನಂಬಬೇಡಿ. ಉದಾಹರಣೆಗೆ ನೂರು ಜನರ ತರಗತಿ ಅಂದುಕೊಳ್ಳಿ. ಅರವತ್ತು ಜನ ಉತ್ತರ ಕೊಟ್ಟರು. ಅದರಲ್ಲಿ ಹತ್ತು ಜನ ಕೆಲಸ ಹುಡುಕುತ್ತಿಲ್ಲ ಎಂದರು. ಉಳಿದ ಐವತ್ತರಲ್ಲಿ ನಲವತ್ತೈದು ಜನಕ್ಕೆ ಕೆಲಸ. ಪುಸ್ತಿಕೆಯಲ್ಲಿ ಶೇ 90 ಅಂತ ದಪ್ಪ ಅಕ್ಷರದಲ್ಲಿ ಬರುತ್ತದೆ. ಅದು ಸುಳ್ಳಲ್ಲ. ಆದರೆ ಉತ್ತರ ಕೊಡದ ನಲವತ್ತು ಜನ ಎಲ್ಲಿ ಹೋದರು? ಕೆಲಸ ಸಿಕ್ಕವರಲ್ಲಿ ಎಷ್ಟು ಜನ ಬ್ರಿಟನ್‌ನಲ್ಲೇ ಉಳಿದರು, ಎಷ್ಟು ಜನ ವಾಪಸ್ ಹೋಗಿ ಹಳೇ ಕಂಪನಿಗೇ ಸೇರಿದರು? ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನು ಓದಿ.

ದೂರದೃಷ್ಟಿ
ಸರಿ ಸರಿ. ಆದ್ರೂ ಹೆಸರಿಗೆ ಬೆಲೆ ಇಲ್ಲ ಅಂತ ಹೇಳ್ಬೇಡಿ.

ಹಳೇ_ಎಂಬಿಎ
ಇಲ್ಲ ಅಂದವರು ಯಾರು? ಇದೆ. ಬೇಕಾದಷ್ಟಿದೆ.

ಕಲ್ಲುಸಕ್ಕರೆಯವರಿಗೆ ನನ್ನದೊಂದು ಪ್ರಶ್ನೆ. ನಾಲ್ಕೈದು ವರ್ಷ ಅನುಭವ ಇಟ್ಟುಕೊಂಡು ಎಂಎಸ್ಸಿ ಮ್ಯಾನೇಜ್‌ಮೆಂಟ್ ಯಾಕೆ? ಆ ಕೋರ್ಸ್ ಆಗಷ್ಟೇ ಡಿಗ್ರಿ ಮುಗಿಸಿದವರಿಗೆ. ಪಕ್ಕದಲ್ಲಿ ಕೂರುವವರಿಗೆ ಇಪ್ಪತ್ತೊಂದು, ಇಪ್ಪತ್ತೆರಡು ವಯಸ್ಸು. ಕಂಪನಿಗಳೂ ಅದೇ ಮಟ್ಟದ ಕೆಲಸ ಕೊಡುತ್ತವೆ. ಆಂಬಾ (ಎಂಬಿಎ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇರುವ ಎಂಬಿಎಗೆ ಕನಿಷ್ಠ 3 ವರ್ಷ ಅನುಭವ ಬೇಕು, ನಿಮ್ಮ ಹತ್ತಿರ ಅದು ಇದೆ. ಲಂಡನ್ ಬಿಸಿನೆಸ್ ಸ್ಕೂಲ್ ಎಂಬಿಎ 15ರಿಂದ 21 ತಿಂಗಳು, ನಡುವೆ ಇಂಟರ್ನ್‌ಶಿಪ್‌ಗೆ ಜಾಗ ಇದೆ. ಬೇರೆ ದಿಕ್ಕಿಗೆ ಹೊರಳುವವರಿಗೆ ಆ ಇಂಟರ್ನ್‌ಶಿಪ್ಪೇ ಜೀವಾಳ. ಫೀಸು ದುಬಾರಿ, ಜಿಮ್ಯಾಟ್ ಥರದ ಪ್ರವೇಶ ಪರೀಕ್ಷೆ ಬೇಕು, ಎಲ್ಲ ಒಪ್ಪುತ್ತೇನೆ. ಆದರೆ ನಿಮ್ಮ ಅನುಭವಕ್ಕೆ ಬೆಲೆ ಕಟ್ಟದ ಕೋರ್ಸ್‌ಗೆ ಸಾಲ ಮಾಡುವುದು ಅದಕ್ಕಿಂತ ದುಬಾರಿ.

ಲೆಕ್ಕದವಳು
ಇಲ್ಲಿ ನಾನು ಒಪ್ಪಲ್ಲ ಸರ್. ಟೆಸ್ಟಿಂಗ್‌ನಿಂದ ಬಂದವರಿಗೆ ದೊಡ್ಡ ಎಂಬಿಎ ಸೀಟು ಅಷ್ಟು ಸಲೀಸಾ? ಅನಲಿಟಿಕ್ಸ್, ಪ್ರಾಡಕ್ಟ್ ಕಡೆ ಹೋಗುವುದಾದರೆ ಎಂಎಸ್ಸಿ ಬಿಸಿನೆಸ್ ಅನಲಿಟಿಕ್ಸ್ ಥರದ್ದು ನೋಡಬಹುದಲ್ವಾ? ಹಳೇ ಅನುಭವ ಅಲ್ಲಿ ಕೆಲಸಕ್ಕೆ ಬರುತ್ತದೆ. ಸಾಮಾನ್ಯ ಮ್ಯಾನೇಜ್‌ಮೆಂಟ್ ಮಾತ್ರ ಬೇಡ ಅನ್ನುವುದಾದರೆ ನನ್ನದೂ ಅದೇ ಮಾತು.

ಅರ್ಧ_ಬಾಡಿಗೆ
ಜಿಮ್ಯಾಟ್ ಈಗ ಹೊಸ ರೂಪದಲ್ಲಿದೆ. 205ರಿಂದ 805ರ ತನಕ ಅಂಕ, ಎರಡೂಕಾಲು ಗಂಟೆ, ಪ್ರಬಂಧ ಇಲ್ಲ. 645 ಬಂದರೆ ಅದು ಹಳೇ 700ಕ್ಕೆ ಹತ್ತಿರ ಹತ್ತಿರ ಸಮ. ಹಳೇ ಪುಸ್ತಕ ನೋಡಿ "700 ಬರಲಿಲ್ಲ" ಅಂತ ತಲೆ ಮೇಲೆ ಕೈ ಹೊತ್ತು ಕೂರುವವರು ಇನ್ನೂ ಇದ್ದಾರೆ.

ಪಾಠ_ಹೇಳೋನು
ನಾನು ಬ್ರಿಟನ್‌ನಲ್ಲಿ ಪಾಠ ಮಾಡುವವನು. ಎಲ್ಲಿ ಅಂತ ಬೇಡ. ಲಂಡನ್ ಕ್ಯಾಂಪಸ್ ವಿಷಯ ಯಾರೂ ಎತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೇರೆ ಊರಿನ ಹಲವು ವಿಶ್ವವಿದ್ಯಾಲಯಗಳು ಲಂಡನ್‌ನಲ್ಲಿ ಶಾಖೆ ಇಟ್ಟಿವೆ. ಕೆಲವು ಚೆನ್ನಾಗಿವೆ. ವಾರ್ವಿಕ್ ಬಿಸಿನೆಸ್ ಸ್ಕೂಲ್ ಶಾರ್ಡ್ ಕಟ್ಟಡದಲ್ಲಿ ತರಗತಿ ನಡೆಸುತ್ತದೆ, ಅದನ್ನು ಯಾರೂ ಹಗುರವಾಗಿ ನೋಡುವುದಿಲ್ಲ. ಆದರೆ ಇನ್ನು ಕೆಲವು ಕಡೆ ಆಫೀಸು ಕಟ್ಟಡದ ಒಂದೆರಡು ಮಹಡಿ, ಒಂದು ಸ್ವಾಗತದ ಮೇಜು, ಕಾಫಿ ಮಷಿನ್, ಅಷ್ಟೇ ಕ್ಯಾಂಪಸ್. ಗ್ರಂಥಾಲಯ ಅಂದರೆ ಲ್ಯಾಪ್‌ಟಾಪ್‌ನಲ್ಲಿ ಲಾಗಿನ್. ಮುಖ್ಯ ಕ್ಯಾಂಪಸ್‌ನ ಪ್ರಾಧ್ಯಾಪಕರು ಅಲ್ಲಿ ಕಾಣುವುದೇ ಅಪರೂಪ.

ಸೀಟು ಒಪ್ಪುವ ಮೊದಲು ಮೂರು ಪ್ರಶ್ನೆ ಇಮೇಲ್ ಮಾಡಿ. ಪಾಠ ಮಾಡುವವರು ವಿಶ್ವವಿದ್ಯಾಲಯದ ಸಿಬ್ಬಂದಿಯಾ, ಗುತ್ತಿಗೆಯವರಾ? ಎಎಸಿಎಸ್‌ಬಿ, ಎಕ್ವಿಸ್, ಆಂಬಾ ಅನ್ನುವ ಬಿಸಿನೆಸ್ ಸ್ಕೂಲ್ ಮಾನ್ಯತೆಗಳಲ್ಲಿ ಯಾವುದಿದೆ, ಅದು ಈ ಶಾಖೆಗೂ ಈ ಕೋರ್ಸ್‌ಗೂ ಅನ್ವಯಿಸುತ್ತದಾ? ಕಂಪನಿಗಳು ನೇಮಕಕ್ಕೆ ಬರುವುದು ಮುಖ್ಯ ಕ್ಯಾಂಪಸ್‌ಗೋ ಇಲ್ಲಿಗೋ? ಉತ್ತರ ಸುತ್ತಿ ಬಳಸಿ ಬಂದರೆ ಅರ್ಥ ಮಾಡಿಕೊಳ್ಳಿ.

ಸ್ಕಾಲರ್‌ಶಿಪ್ ಅಂತ ಹಿಗ್ಗಬೇಡಿ. ಬಂದ ಎಲ್ಲರಿಗೂ ಕೊಡುವ ಮೊತ್ತವನ್ನು ಡಿಸ್ಕೌಂಟ್ ಅಂತಾರೆ. ಮೂಗಿಗೆ ತುಪ್ಪ ಸವರುವುದು. ಏಜೆಂಟರಿಗೆ ಕಮಿಷನ್ ಬರುವುದೂ ಸಾಮಾನ್ಯವಾಗಿ ವಿಶ್ವವಿದ್ಯಾಲಯದಿಂದಲೇ. ಅವರು ಯಾಕೆ ಆ ಕಡೆ ತಳ್ಳುತ್ತಾರೆ ಅಂತ ನೀವೇ ಯೋಚಿಸಿ.

ಸುಮ್ನೆ_ಓದುಗ
ಕಾಫಿ ಮಷಿನ್ ಆದ್ರೂ ಕೆಲಸ ಮಾಡುತ್ತಾ ಸರ್?

ಪಾಠ_ಹೇಳೋನು
ಓಪನ್ ಡೇ ದಿನ ಮಾಡುತ್ತದೆ.

ಜೋನ್_ನಾಲ್ಕು
ಅಯ್ಯೋ :)) ಇನ್ನು ದುಡ್ಡಿನ ವಿಷಯ. ವೀಸಾಗೆ ತೋರಿಸಬೇಕಾದ ಖರ್ಚಿನ ಹಣ ಲಂಡನ್‌ಗೆ ತಿಂಗಳಿಗೆ 1,529 ಪೌಂಡ್. 9 ತಿಂಗಳಿಗೆ 13,761. 2025ರ ನವೆಂಬರ್‌ನಿಂದ ಈ ದರ. ಕಟ್ಟದೇ ಉಳಿದ ಫೀಸು ಇದರ ಮೇಲೆ. ಸ್ವಂತ ಹಣವಾದರೆ 28 ದಿನ ಖಾತೆಯಲ್ಲಿ ಕದಲದೆ ಇರಬೇಕು. ಮಾನ್ಯತೆ ಇರುವ ಬ್ಯಾಂಕಿನ ಶಿಕ್ಷಣ ಸಾಲವಾದರೆ ಮಂಜೂರಾತಿ ಪತ್ರ ಸಾಕು, 28 ದಿನದ ಗೊಡವೆ ಇಲ್ಲ. ವೀಸಾ ಜೊತೆ ಕಟ್ಟುವ ಆರೋಗ್ಯ ಸರ್ಚಾರ್ಜ್ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776. ವೀಸಾ ಒಂದು ವರ್ಷದ ಮೇಲೆ ಕೆಲವು ತಿಂಗಳು ಇರುವುದರಿಂದ ಒಂದೂವರೆ ವರ್ಷದ ಲೆಕ್ಕದಲ್ಲಿ 1,164 ಕಟ್ಟುತ್ತೀರಿ. ಮುಂದೆ ಗ್ರಾಜುಯೇಟ್ ವೀಸಾಗೆ ಹೋದಾಗ ಇದೇ ಸರ್ಚಾರ್ಜ್ ವರ್ಷಕ್ಕೆ 1,035. ಈ ಖರ್ಚನ್ನು ಯಾರೂ ಸಾಲದಲ್ಲಿ ಸೇರಿಸುವುದಿಲ್ಲ. ಆಮೇಲೆ ಕೈ ಕೈ ಹಿಸುಕಿಕೊಳ್ಳುತ್ತಾರೆ.

ಬಾಲಂಗೋಚಿ
ಪಾರ್ಟ್‌ಟೈಮ್ ಮಾಡಿದ್ರೆ ಬಾಡಿಗೆ ಬಂದುಬಿಡುತ್ತೆ ಬಿಡಿ. ಸಂಜೆ ಸೈಕಲ್‌ನಲ್ಲಿ ಫುಡ್ ಡೆಲಿವರಿ ಮಾಡೋರು ಎಷ್ಟು ಜನ ಇಲ್ಲ.

ಜೋನ್_ನಾಲ್ಕು
ಗುರುವೇ, ಇದು ಅಪಾಯದ ಸಲಹೆ. ದಯವಿಟ್ಟು ಹೀಗೆ ಬರೀಬೇಡಿ. ಆ್ಯಪ್ ಡೆಲಿವರಿಯನ್ನು ಸ್ವಯಂ ಉದ್ಯೋಗ ಅಂತ ಲೆಕ್ಕ ಹಾಕುತ್ತಾರೆ, ವಿದ್ಯಾರ್ಥಿ ವೀಸಾದಲ್ಲಿ ಸ್ವಯಂ ಉದ್ಯೋಗ ಮಾಡುವ ಹಾಗೇ ಇಲ್ಲ. ಬೇರೆಯವರ ಖಾತೆ ಬಾಡಿಗೆಗೆ ಪಡೆದು ಓಡಿಸಿದರೆ ಇನ್ನೂ ಕೆಟ್ಟದ್ದು. ಸಿಕ್ಕಿಬಿದ್ದರೆ ವೀಸಾ ಹೋಗುತ್ತದೆ, ಡಿಗ್ರಿಯೂ ಹೋಗುತ್ತದೆ.

ಸಂಬಳದ ಕೆಲಸ ಮಾಡಬಹುದು, ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ. ಬೇಸಿಗೆ ಬಂತು, ಇನ್ನು ಫುಲ್‌ಟೈಮ್ ಅಂದುಕೊಳ್ಳಬೇಡಿ. ಮಾಸ್ಟರ್ಸ್‌ನವರಿಗೆ ಡಿಸರ್ಟೇಶನ್ ಬರೆಯುವ ಬೇಸಿಗೆಯೂ ಟರ್ಮೇ.

ಅರ್ಧ_ಬಾಡಿಗೆ
ಮನೆ ವಿಷಯ ನನಗೆ ಬಿಡಿ. ಇದರಲ್ಲಿ ನಾನು ಪಿಎಚ್‌ಡಿ.

ನೋಡದೆ ದುಡ್ಡು ಕಳಿಸಬೇಡಿ. ಸೆಪ್ಟೆಂಬರ್‌ನಲ್ಲಿ ಲಂಡನ್ ತುಂಬ ವಿದ್ಯಾರ್ಥಿಗಳು ಒಟ್ಟಿಗೆ ರೂಮು ಹುಡುಕುತ್ತಾರೆ, ಮೋಸಗಾರರಿಗೆ ಅದೇ ಹಬ್ಬ. ಚಂದದ ಫೋಟೋ, ಕಮ್ಮಿ ಬಾಡಿಗೆ, "ನಾನು ಈಗ ವಿದೇಶದಲ್ಲಿದ್ದೇನೆ, ಅಡ್ವಾನ್ಸ್ ಹಾಕಿ, ಕೀ ಕೊರಿಯರ್ ಮಾಡ್ತೀನಿ" ಅಂತ ಮೆಸೇಜು. ಅಲ್ಲಿಗೇ ಬಿಟ್ಟುಬಿಡಿ. ಮೊದಲ ಒಂದೆರಡು ವಾರ ಎಲ್ಲಾದರೂ ತಾತ್ಕಾಲಿಕವಾಗಿ ಇದ್ದು, ಕಣ್ಣಾರೆ ನೋಡಿ ಹಿಡಿಯಿರಿ. ನಾನು ನೋಡಲು ಹೋದ ಒಂದು ರೂಮಿನಲ್ಲಿ ಮಂಚ ಹಾಕಿದ ಮೇಲೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಅಡ್ಡಡ್ಡ ನುಸುಳಿ ಒಳಗೆ ಹೋಗಬೇಕು. ಕಿಟಕಿ ತೆಗೆದರೆ ಪಕ್ಕದ ಮನೆ ಗೋಡೆ, ಕೈ ಚಾಚಿದರೆ ಸಿಗುತ್ತಿತ್ತು. ಜಾಹೀರಾತಿನಲ್ಲಿ ಅದು "ಬೆಚ್ಚನೆಯ ಸಿಂಗಲ್ ರೂಮು".

ಕಾನೂನು ಪ್ರಕಾರ ಡಿಪಾಸಿಟ್ ಐದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. 2019ರಿಂದ ಇಂಗ್ಲೆಂಡ್‌ನಲ್ಲಿ ಈ ನಿಯಮ ಇದೆ. ವರ್ಷದ ಬಾಡಿಗೆ 50,000 ಪೌಂಡ್ ಮೀರಿದರೆ ಆರು ವಾರ, ಅದು ನಮ್ಮಂಥವರಿಗೆ ಸಂಬಂಧ ಇಲ್ಲ. ಡಿಪಾಸಿಟ್ ಯಾವ ರಕ್ಷಣಾ ಯೋಜನೆಯಲ್ಲಿ ಇಟ್ಟಿದ್ದಾರೆ ಅಂತ ಬರಹದಲ್ಲಿ ಕೇಳಿ.

ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತದ ಮನೆ ತೆರಿಗೆ): ಮನೆಯಲ್ಲಿ ಎಲ್ಲರೂ ಫುಲ್‌ಟೈಮ್ ವಿದ್ಯಾರ್ಥಿಗಳಾದರೆ ಇಲ್ಲ. ಕೆಲಸಕ್ಕೆ ಹೋಗುವ ಒಬ್ಬರು ಸೇರಿದರೆ ಬಿಲ್ ಬರುತ್ತದೆ. ಯಾರು ಕಟ್ಟುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಸ್ನೇಹ ಕೆಡುವುದು ಇಲ್ಲೇ.

ಮಳೆಕೋಟು
ಜೋನ್ 1, 2ರಲ್ಲೇ, ಅಂದ್ರೆ ನಗರದ ನಡುಭಾಗದಲ್ಲೇ ಇರಬೇಕಾ? ಓಡಾಟ ಕಷ್ಟ ಅಂತಾರೆ.

ಅರ್ಧ_ಬಾಡಿಗೆ
ಬೇಕಿಲ್ಲ. ಇಲ್‌ಫರ್ಡ್, ಈಸ್ಟ್ ಹ್ಯಾಮ್, ವೆಂಬ್ಲಿ ಕಡೆ ನೋಡಿ. 2022ರಲ್ಲಿ ಎಲಿಜಬೆತ್ ಲೈನ್ ರೈಲು ಬಂದ ಮೇಲೆ ಪೂರ್ವದ ಕಡೆಯಿಂದ ಓಡಾಟ ಎಷ್ಟೋ ಸಲೀಸಾಗಿದೆ. ವಿದ್ಯಾರ್ಥಿ ಆಯಿಸ್ಟರ್ ಕಾರ್ಡ್ ಮಾಡಿಸಿದರೆ ವಾರದ, ತಿಂಗಳ ಟ್ರಾವೆಲ್‌ಕಾರ್ಡ್ ಪಾಸ್‌ಗೆ ಶೇ 30 ರಿಯಾಯಿತಿ. ಒಂದೊಂದೇ ಪಯಣಕ್ಕೆ ಅದು ಸಿಗಲ್ಲ. ವಾರಕ್ಕೆ ಮೂರು ದಿನ ಮಾತ್ರ ತರಗತಿ ಇದ್ದರೆ ಲೆಕ್ಕ ಹಾಕಿ ನೋಡಿ, ಟ್ರಾವೆಲ್‌ಕಾರ್ಡೇ ನಷ್ಟ ಆಗಬಹುದು.

ಥೇಮ್ಸ್_ದಂಡೆ
ವಿಷಯಾಂತರಕ್ಕೆ ಕ್ಷಮೆ ಇರಲಿ. ಲಂಡನ್‌ಗೆ ಬಂದವರು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವೇಶ್ವರರ ಪ್ರತಿಮೆ ನೋಡಲೇಬೇಕು. 2015ರ ನವೆಂಬರ್‌ನಲ್ಲಿ ಅನಾವರಣ ಆಗಿದ್ದು. ಥೇಮ್ಸ್ ದಂಡೆಯಲ್ಲೇ ಇದೆ, ನದಿಯಾಚೆ ಪಾರ್ಲಿಮೆಂಟ್ ಕಾಣುತ್ತದೆ. ಟಿಕೆಟ್ ಇಲ್ಲ, ಕ್ಯೂ ಇಲ್ಲ.

ಬಾಲಂಗೋಚಿ
ಕೊನೆಗೂ ಲಂಡನ್‌ನಲ್ಲಿ ಪುಕ್ಕಟೆ ಸಿಗೋದು ಒಂದಾದ್ರೂ ಇದೆ ಅಂತಾಯ್ತು.

ಥೇಮ್ಸ್_ದಂಡೆ
ಬ್ರಿಟಿಷ್ ಮ್ಯೂಸಿಯಂ ಕೂಡ ಪುಕ್ಕಟೆ ಮಾರಾಯ್ರೆ. ಇನ್ನೊಂದು ಇದೆ. ಬೇಯ್ಸ್ ಬಿಸಿನೆಸ್ ಸ್ಕೂಲ್‌ಗೆ ಮೊದಲು ಕಾಸ್ ಅಂತ ಹೆಸರಿತ್ತು. ಸರ್ ಜಾನ್ ಕಾಸ್‌ಗೆ ಗುಲಾಮರ ವ್ಯಾಪಾರದ ನಂಟಿತ್ತು ಅಂತ 2021ರಲ್ಲಿ ಹೆಸರು ಬದಲಾಯಿಸಿ, ಸಂಭವನೀಯತೆಯ ಸೂತ್ರ ಕೊಟ್ಟ ಥಾಮಸ್ ಬೇಯ್ಸ್ ಹೆಸರಿಟ್ಟರು. ಬೇಯ್ಸ್ ಸಮಾಧಿ ಇರುವ ಬನ್‌ಹಿಲ್ ಫೀಲ್ಡ್ಸ್ ಕಾಲೇಜಿನಿಂದ ನಾಲ್ಕು ಹೆಜ್ಜೆ. ಪರೀಕ್ಷೆಗೆ ಮುಂಚೆ ಅಲ್ಲಿ ಹೋಗಿ ಕೂರೋರೂ ಇದ್ದಾರೆ.

ಸುಮ್ನೆ_ಓದುಗ
ಪಾಸಾಗುವ ಸಂಭವನೀಯತೆ ಎಷ್ಟು ಅಂತ ಕೇಳೋಕಾ?

ಲೆಕ್ಕದವಳು
ಪಾಸಿನ ಮಾತು ಬಂತು, ಹೇಳಿಬಿಡ್ತೀನಿ. ಅಲ್ಲಿ ಮಾಸ್ಟರ್ಸ್‌ಗೆ ಸಾಮಾನ್ಯವಾಗಿ 50 ಪಾಸು, 60 ಮೆರಿಟ್, 70 ಡಿಸ್ಟಿಂಕ್ಷನ್. 90 ಅಂತೆಲ್ಲ ಪ್ರಬಂಧಕ್ಕೆ ಯಾರೂ ಕೊಡಲ್ಲ. ಮೊದಲ ಅಸೈನ್‌ಮೆಂಟ್‌ಗೆ 62 ಬಂದಾಗ ನಮ್ಮ ತರಗತಿಯ ಟಾಪರ್ ಹುಡುಗಿಯೊಬ್ಬಳು ಶೌಚಾಲಯದಲ್ಲಿ ಅತ್ತಿದ್ದಳು. ಆಮೇಲೆ ನೋಡಿದರೆ ಅದು ತರಗತಿಯಲ್ಲೇ ಒಳ್ಳೇ ಅಂಕ.

ಅಂಕಕ್ಕಿಂತ ತಲೆ ತಿನ್ನುವುದು ಗ್ರೂಪ್ ವರ್ಕು. ನಾಲ್ಕು ದೇಶದ ಐದು ಜನ. ಒಬ್ಬರು ಮೀಟಿಂಗ್‌ನಲ್ಲಿ ಎಲ್ಲಕ್ಕೂ ತಲೆಯಾಡಿಸಿ ರಾತ್ರಿ ಬೇರೆಯದೇ ಸ್ಲೈಡ್ ಕಳಿಸುತ್ತಾರೆ. ಒಬ್ಬರು ಕೊನೇ ದಿನ ಮಾಯ. ಸಲ್ಲಿಸಲು ಒಂದು ಗಂಟೆ ಇರುವಾಗ ಟರ್ನಿಟಿನ್ ಸಾಫ್ಟ್‌ವೇರ್ ಒಬ್ಬರ ಭಾಗವನ್ನೆಲ್ಲ ಕೆಂಪು ಮಾಡಿ ತೋರಿಸುತ್ತದೆ. ನಕಲು ಸಿಕ್ಕಿದರೆ ಇಡೀ ಗುಂಪಿಗೆ ತನಿಖೆ. ಅದಕ್ಕೇ ಯಾರು ಯಾವ ಭಾಗ ಬರೆದರು ಅಂತ ಮೊದಲ ದಿನದಿಂದ ಒಂದೇ ಹಂಚಿಕೆಯ ಫೈಲಿನಲ್ಲಿ ಇಡಿ. ವಾಟ್ಸಾಪ್‌ನಲ್ಲಿ ಮಾತಾಡಿದ್ದು ಲೆಕ್ಕಕ್ಕಿಲ್ಲ.

ಮಳೆಕೋಟು
ನನಗೆ ಮದುವೆಯಾಗಿದೆ. ಹೆಂಡತಿಯನ್ನು ಡಿಪೆಂಡೆಂಟ್ ಆಗಿ ಕರೆದುಕೊಂಡು ಹೋಗಬಹುದಾ? ಅಣ್ಣ 2022ರಲ್ಲಿ ಹಾಗೇ ಹೋಗಿದ್ದ.

ಜೋನ್_ನಾಲ್ಕು
ಆಗ ಇತ್ತು, ಈಗ ಇಲ್ಲ. 2024ರ ಜನವರಿಯಿಂದ ಶುರುವಾದ ಪಾಠದ ಮಾಸ್ಟರ್ಸ್‌ಗೆ ಡಿಪೆಂಡೆಂಟ್ ವೀಸಾ ಕೊಡುವುದಿಲ್ಲ. ಸಂಶೋಧನೆ ಕೋರ್ಸ್‌ನವರಿಗೆ, ಸರ್ಕಾರಿ ಸ್ಕಾಲರ್‌ಶಿಪ್‌ನವರಿಗೆ ಮಾತ್ರ.

ದೂರದೃಷ್ಟಿ
ಇಷ್ಟೆಲ್ಲ ರಗಳೆ ಯಾಕೆ, ಸಿಂಗಾಪುರಕ್ಕೆ ಹೋಗಿ. ಅಲ್ಲಿ ಇನ್‌ಸಿಯಾಡ್ ಬಿಸಿನೆಸ್ ಸ್ಕೂಲ್ ಹತ್ತು ತಿಂಗಳಲ್ಲಿ ಎಂಬಿಎ ಮುಗಿಸುತ್ತೆ.

ಹಳೇ_ಎಂಬಿಎ
ಅದು ಎಂಎಸ್ಸಿಗೆ ಹೋಲಿಸುವ ಫೀಸಲ್ಲ ಸ್ವಾಮಿ. ರಗಳೆ ಅಲ್ಲೂ ಇದೆ. ಅಲ್ಲಿನ ಕೆಲಸದ ವೀಸಾ ಆದ ಎಂಪ್ಲಾಯ್‌ಮೆಂಟ್ ಪಾಸ್‌ಗೆ 2025ರಿಂದ ತಿಂಗಳಿಗೆ ಕನಿಷ್ಠ 5,600 ಸಿಂಗಾಪುರ ಡಾಲರ್ ಸಂಬಳ ಬೇಕು, ಹಣಕಾಸು ಕ್ಷೇತ್ರಕ್ಕೆ 6,200. ವಯಸ್ಸಿನ ಜೊತೆ ಅದೂ ಏರುತ್ತದೆ. ಮೇಲೆ ಕಂಪಾಸ್ ಅಂತ ಪಾಯಿಂಟ್ ಪದ್ಧತಿ, 40 ಪಾಯಿಂಟ್ ಆಗಬೇಕು. ಯಾವ ಊರಿಗೆ ಹೋದರೂ ವೀಸಾ ನಿಯಮ ಓದದೆ ಗತಿ ಇಲ್ಲ.

ಕಲ್ಲುಸಕ್ಕರೆ
ಇಷ್ಟು ಜನ ಬರೆದಿದ್ದಕ್ಕೆ ಥ್ಯಾಂಕ್ಸ್. ಲಂಡನ್ ಕ್ಯಾಂಪಸ್‌ಗೆ ಪಾಠ_ಹೇಳೋನು ಸರ್ ಹೇಳಿದ ಮೂರು ಪ್ರಶ್ನೆ ಕಳಿಸಿದೆ. ಎರಡಕ್ಕೆ ಉತ್ತರ ಬಂತು, ಪಾಠ ಮಾಡುವವರು ಯಾರು ಅನ್ನುವುದಕ್ಕೆ "ಉದ್ಯಮದ ಅನುಭವಿಗಳು" ಅಂತ ಬರೆದಿದ್ದಾರೆ. ಅದನ್ನು ಕೈಬಿಡುತ್ತಿದ್ದೇನೆ. ಇನ್ನೊಂದು ಕಾಲೇಜಿಗೆ ಕೋರ್ಸ್ ಬದಲಾಯಿಸಲು ಆಗುತ್ತದಾ ಅಂತ ಕೇಳಿದ್ದೇನೆ, ಅನಲಿಟಿಕ್ಸ್‌ಗೆ. ಸೀಟು ಒಂದು ವರ್ಷ ಮುಂದೂಡಿದರೆ ಫೀಸು ಹಳೇದೇ ಇರುತ್ತದಾ?

ಪಾಠ_ಹೇಳೋನು
ಸಾಮಾನ್ಯವಾಗಿ ಇಲ್ಲಮ್ಮ. ಸೇರುವ ವರ್ಷದ ಫೀಸೇ ಲೆಕ್ಕ, ಸ್ಕಾಲರ್‌ಶಿಪ್‌ಗೂ ಮತ್ತೆ ಅರ್ಜಿ ಹಾಕಬೇಕಾಗಬಹುದು. ಕಟ್ಟಿದ ಡಿಪಾಸಿಟ್ ಮುಂದಿನ ವರ್ಷಕ್ಕೆ ನಡೆಯುತ್ತದಾ ಅಂತ ಅಡ್ಮಿಷನ್ಸ್‌ನವರ ಹತ್ತಿರ ಬರಹದಲ್ಲಿ ತೆಗೆದುಕೊಳ್ಳಿ, ಫೋನಿನಲ್ಲಿ ಹೇಳಿದ್ದು ಸಾಲದು.

ಲೆಕ್ಕದವಳು
ಮುಂದೂಡುವುದಾದರೆ ಈಗಿನ ಕಂಪನಿಯಲ್ಲೇ ಪ್ರಾಡಕ್ಟ್ ಟೀಮಿಗೆ ಬದಲಾಯಿಸಲು ನೋಡಿ. ಸಿವಿಯಲ್ಲಿ ಆ ಒಂದು ಸಾಲು ಬಂದರೆ ಎಂಬಿಎ ಅರ್ಜಿಗೂ ಆಗುತ್ತದೆ, ಎಂಎಸ್ಸಿಗೂ ಆಗುತ್ತದೆ. ಸಿವಿ ಕಳಿಸಿ, ನೋಡಿ ಹೇಳ್ತೀನಿ.

ಮಳೆಕೋಟು
ಮೇಡಂ, ನಂದೂ ನೋಡ್ತೀರಾ?